ಕಟ್ಟಿದ ಬಾಲ

ನಲವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಳಬಾಗಿಲಿನಲ್ಲಿ ದನದ ಡಾಕ್ಟರಾಗಿದ್ದೆ. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಕುರಿಗಳ ಸೊಂಟದ ಭಾಗ ತರಿಸಿ, ಮೂತ್ರಕೋಶಕ್ಕೆ ಹೋಗುವ ನರಗಳ ದಾರಿ ಹುಡುಕುತ್ತಿದ್ದೆ. ಬೆನ್ನುಮೂಳೆಯ ಕೊನೆಯಿಂದ ಹೊರಟು ಕೊಬ್ಬಿನೊಳಗೆ ಮರೆಯಾಗುವ ನೂಲಿನಂಥ ಎಳೆಗಳವು. ಕತ್ತರಿ ತುಸು ಜಾರಿದರೆ ವಾರದ ಕೆಲಸ ಹಾಳು. ಕಸಾಯಿ ಅಂಗಡಿಯ ಸಾಬರು ಬಾಲ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಕೊಡುವಾಗ ಪ್ರತಿ ಸಲ ಕೇಳುತ್ತಿದ್ದರು: "ಏನ್ ಡಾಕ್ಟರ್ ಸಾಬ್, ಉಚ್ಚೆ ಚೀಲದಾಗೆ ಚಿನ್ನದ ಗಣಿ ಸಿಕ್ತಾ?"

ಒಂದು ಮಧ್ಯಾಹ್ನ ದೇವರಾಯಸಮುದ್ರದಿಂದ ಕರೆ ಬಂತು. ಕಷ್ಟಪಟ್ಟು ಕರು ಹಾಕಿದ್ದ ಹಸು ಎರಡು ದಿನದಿಂದ ಗಂಜಲ ಹೊಯ್ದಿರಲಿಲ್ಲ. ಒಳಗೆ ಕೈ ಹಾಕಿ ಒತ್ತಿ ಮೂತ್ರಕೋಶ ಖಾಲಿ ಮಾಡಿದೆ. ಮರುದಿನ ಅದು ಮತ್ತೆ ಬಿಗಿದಿತ್ತು. ಕರು ಬರುವಾಗ ನರ ಜಜ್ಜಿದ್ದರೆ ಕಾಯಬಹುದು. ಹರಿದಿದ್ದರೆ ಹಸು ಉಳಿಯುವುದಿಲ್ಲ. ಯಾವುದೆಂದು ಅಂದೇ ಹೇಳಬೇಕಿತ್ತು. ಮನೆಯ ಮಗ ಆಗಲೇ ಅದೇ ಸಾಬರನ್ನು ಕರೆಸಿದ್ದ. ಅವರು ಹಗ್ಗ ಹಿಡಿದು ಹುಣಸೆಮರದ ಕೆಳಗೆ ನಿಂತಿದ್ದರು. ಅವನ ಮುದಿ ತಾಯಿ ಕರುವಿನ ಕೊರಳು ಹಿಡಿದು ಕೂತಿದ್ದಳು.

ಬಾಲದ ಬುಡದ ಕೆಳಗೆ ಸೂಜಿಯಿಂದ ಚುಚ್ಚಿದೆ. ಏನೂ ಅಲುಗಲಿಲ್ಲ. ಇನ್ನೊಂದು ಬದಿಗೂ ಚುಚ್ಚಿದೆ. ನೋಟ್ ಪುಸ್ತಕದಲ್ಲಿ 'ಸ್ಪರ್ಶಜ್ಞಾನವಿಲ್ಲ' ಎಂದು ಬರೆದು, ಮಗನಿಗೂ ಅದನ್ನೇ ಹೇಳಿದೆ. ಅವನು ಹಸುವನ್ನು ಗೂಟದಿಂದ ಬಿಚ್ಚತೊಡಗಿದ.

ಸಾಬರು ಹತ್ತಿರ ಬಂದರು. ಹಗ್ಗ ಹಾಕಲಿಲ್ಲ. "ಬಾಲ ಕಟ್ಟವ್ರಲ್ಲ ಸಾಬ್. ಕಟ್ಟಿದ್ದು ಹೆಂಗೆ ಅಲ್ಲಾಡತದೆ?"

ಪರೀಕ್ಷೆಗೆ ಅಡ್ಡ ಬಾರದಿರಲೆಂದು ಮಗ ಬಾಲವನ್ನು ಪಕ್ಕಕ್ಕೆಳೆದು ಕೊರಳ ಹಗ್ಗಕ್ಕೆ ಬಿಗಿದಿದ್ದ. ನಾನು ಅದನ್ನು ಕಂಡೂ ಅನುಕೂಲವೆಂದೇ ಎಣಿಸಿದ್ದೆ. ನನ್ನ ಮೇಜಿಗೆ ಬಂದ ಯಾವ ಸೊಂಟಕ್ಕೂ ಬಾಲವಿರಲಿಲ್ಲ.

ಬಿಚ್ಚಿದಾಗ ಬಾಲ ಸುಮ್ಮನೆ ಜೋತುಬಿತ್ತು. ಮತ್ತೆ ಸೂಜಿ ತೆಗೆದೆ. ಮುದುಕಿ ಎದ್ದು ಬಂದು ನನ್ನ ಕೈ ಸರಿಸಿದಳು. "ಚುಚ್ಬ್ಯಾಡ ನಾಯ್ನಾ. ದಿನಾ ಗಂಜಲ ಹಿಡಿಯೋಳು ನಾನು." ಎರಡು ಬೆರಳಿನಿಂದ ಬಾಲದ ಕೆಳಗೆ ಮೆಲ್ಲಗೆ ನೀವತೊಡಗಿದಳು. ಅವಳು ನೀವುತ್ತಲೇ ಇದ್ದಳು. ಮಗ ಮುಖ ತಿರುಗಿಸಿಕೊಂಡ. ಆಗ ಬಾಲದ ಬುಡ ಒಮ್ಮೆ ನಡುಗಿ, ನಾಲ್ಕು ಬೆರಳಿನಷ್ಟು ಮೇಲೆದ್ದಿತು.

ಗಂಜಲ ಬರಲಿಲ್ಲ. ಆದರೆ ಆ ಚರ್ಮದ ನರವೂ ಮೂತ್ರಕೋಶದ ನರವೂ ಹೆಚ್ಚುಕಡಿಮೆ ಒಂದೇ ಬುಡದಿಂದ ಹೊರಡುವುದನ್ನು ಕುರಿಯಲ್ಲಿ ನೋಡಿದ್ದೆ. ಬುಡ ಹರಿದಿಲ್ಲವೆಂದು ನಂಬಲು ಅಷ್ಟು ಸಾಕಿತ್ತು. ಬರೆದ ಸಾಲು ಹೊಡೆದುಹಾಕಿ, ದಿನಕ್ಕೆರಡು ಸಲ ಬಂದು ಖಾಲಿ ಮಾಡುತ್ತೇನೆ, ಹಸು ಕೊಡಬೇಡ ಎಂದು ಮಗನಿಗೆ ಹೇಳಿದೆ.

ಸಾಬರು ಹಗ್ಗ ಸುತ್ತಿಕೊಂಡರು. "ಇನ್ಮೇಲೆ ಬಾಲಾನೂ ಸೇರಿಸೇ ಕಳಿಸ್ತೀನಿ, ಡಾಕ್ಟರ್ ಸಾಬ್."

ಐದನೆಯ ದಿನ ಬೆಳಿಗ್ಗೆ ಹಸು ತಾನಾಗಿ ಮುದುಕಿಯ ಚೊಂಬಿಗೆ ಹೊಯ್ದಿತು. ಹೊತ್ತು ಬರೆದುಕೊಂಡೆ. ಬಾಲ ಎತ್ತಿತ್ತು ಎಂದೂ ಬರೆದುಕೊಂಡೆ.