ಕ್ಯಾಮೆರಾಕ್ಕೆ ಕಾಣದ ಜಾಗ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಆ ಕಾದಂಬರಿ ಓದಿಸಿದ್ದು ನಾನೇ. ಯಾರೂ ಓದಿಸಿ ಎಂದು ಕೇಳಿರಲಿಲ್ಲ. ಎಷ್ಟೋ ತಲೆಮಾರಿನ ಹದಿಹರೆಯದವರು ಓದುತ್ತ ಬಂದ ಹಳೆಯ ಪುಸ್ತಕ, ಕನ್ನಡಕ್ಕೂ ಬಂದಿದೆ. ಅದರಲ್ಲೊಂದು ಊರು. ಅಲ್ಲಿ ಯಾರೂ ಇನ್ನೊಬ್ಬರ ಕಣ್ಣಿಗೆ ಮರೆಯಾಗುವಂತಿಲ್ಲ. ಉಣ್ಣುವಾಗಲೂ ಮಲಗುವಾಗಲೂ ಯಾರಾದರೂ ನೋಡುತ್ತಿರಬೇಕು, ಅದು ಕಾನೂನು. ಅಕ್ಕತಂಗಿಯರಿಬ್ಬರು ಒಂದು ಬತ್ತಿದ ಬಾವಿ ಹುಡುಕಿಕೊಂಡು, ಅದರೊಳಗೆ ಇಳಿದು ಕೂತು ಸುಮ್ಮನೆ ನಗುತ್ತಾರೆ. ಕೊನೆಗೆ ಆ ಬಾವಿಗೆ ಚಪ್ಪಡಿ ಬೀಳುತ್ತದೆ. ಸುಳಿವು ಕೊಟ್ಟವರು ಯಾರೆಂದು ಪುಸ್ತಕ ಹೇಳುವುದಿಲ್ಲ.

ಬಾಳೂರಿನ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಶನಿವಾರ ಪಾಠ ಬೇಗ ಮುಗಿಯುತ್ತದೆ. ಅರ್ಧ ಪುಸ್ತಕ ಆದಾಗ ಮಕ್ಕಳನ್ನು ಕೂರಿಸಿಕೊಂಡು ಏನನ್ನಿಸಿತು ಎಂದು ಕೇಳಿದೆ. ಹೆದರಿರುತ್ತಾರೆ, ಸಿಟ್ಟಾಗಿರುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಹೆದರಿಕೆ. ‘ಅಷ್ಟು ಕಷ್ಟ ಆದ್ರೆ ಊರು ಬಿಟ್ಟು ಹೋಗ್ಬೇಕಿತ್ತು ಟೀಚರ್, ಗಣಿ ಮುಚ್ಚಿದ್ಮೇಲೆ ಕುದುರೆಮುಖ ಖಾಲಿ ಮಾಡ್ಲಿಲ್ವಾ’ ಎಂದ ಒಬ್ಬ. ‘ನಮ್ಮಪ್ಪನ ಫೋನಲ್ಲಿ ನಮ್ಮ ಕಣ, ಗೇಟು, ಹಿಂಬಾಗಿಲು ಎಲ್ಲಾ ಕಾಣುತ್ತೆ. ಅದಕ್ಕೇನೀಗ?’ ಎಂದಳು ಪ್ಲಾಂಟರ್ ಮಗಳೊಬ್ಬಳು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಅವಳ ತಾಯಿ ನಮ್ಮ ಕಾಫಿ ತೋಟದಲ್ಲೇ ಕೆಲಸಕ್ಕಿದ್ದಾಳೆ, ಅವರಿರುವುದೂ ಆಳುಗಳಿಗೆಂದು ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲೇ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಮೇಜಿನ ಹತ್ತಿರ ಬಂದು, ‘ನಮ್ಗೂ ಒಂದು ಬಾವಿ ಇದೆ ಟೀಚರ್’ ಎಂದಳು. ‘ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ಹಿಂದೆ, ಗೋಡೆಗೂ ಗುಡ್ಡದ ದರೆಗೂ ನಡುವೆ. ಅದು ಕ್ಯಾಮೆರಾಕ್ಕೆ ಕಾಣಲ್ಲ. ಕೆಲ್ಸ ಬಿಟ್ಮೇಲೆ ಅಮ್ಮ, ದೊಡ್ಡಮ್ಮ ಎಲ್ಲಾ ಅಲ್ಲಿ ಕಾಲು ಚಾಚಿ ಕೂರ್ತಾರೆ. ತಲೆ ಬಾಚ್ಕೊಳ್ತಾರೆ. ಯಾರನ್ನಾದ್ರೂ ಆಡ್ಕೊಂಡು ನಗ್ತಾರೆ. ನಾನು ಇದ್ನ ಓದಿದ್ದೂ ಅಲ್ಲೇ.’

‘ಯಾರನ್ನೇ ಆಡ್ಕೊಳ್ಳೋದು?’ ಎಂದೆ. ತಲೆ ತಗ್ಗಿಸಿ ನಕ್ಕಳು. ನಮ್ಮನ್ನೇ ಇರಬೇಕು. ಇಷ್ಟು ಹೇಳಿದಳಲ್ಲ ಎಂದು ನನಗೆ ಖುಷಿಯಾಯಿತು.

ಆ ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ನನ್ನದು ಸುಮ್ಮನಿರುವ ಬಾಯಲ್ಲ. ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿ ಬಡಿಸುತ್ತ ಯಜಮಾನರ ಮುಂದೆ ಎಲ್ಲ ಹೇಳಿದೆ, ನೋಡಿ ಹುಡುಗಿ ಎಷ್ಟು ಚುರುಕು ಎಂದು. ಅವಳ ನೆಪದಲ್ಲಿ ಹೊಗಳಿಕೊಂಡದ್ದು ಓದಿಸಿದ ನನ್ನನ್ನೇ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ‘ಪಲ್ಪರ್ ಮನೆ ಹಿಂದೆ ಕಾಣಲ್ವಾ?’ ಎಂದರು.

‘ಅವ್ರು ಕೂರೋ ಜಾಗ ಮಾರಾಯ್ರೆ, ಬಿಡಿ’ ಎಂದೆ.

‘ಹೂಂ’ ಎಂದರು.

ಆ ಹೂಂ ಎಂಥದ್ದು ಎಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಾಗಬೇಕಿತ್ತು. ಹೋದ ವರ್ಷ ಕಣದಿಂದ ಕಾಳುಮೆಣಸಿನ ಮೂಟೆ ಕಳುವಾದಾಗಿನಿಂದ ಅವರಿಗೆ ಕನಸಿನಲ್ಲೂ ಮೆಣಸೇ. ಕ್ಯಾಮೆರಾಗಳು ಬಂದದ್ದೂ ಅದಕ್ಕೇ. ಬುಧವಾರ ಶಾಲೆಯಿಂದ ಬರುತ್ತ ನೋಡಿದರೆ, ಪಲ್ಪರ್ ಮನೆಯ ಹಿಂಗೋಡೆಯಲ್ಲಿ, ಸೂರಿನಡಿಗೆ, ಹೊಸದೊಂದು ಕ್ಯಾಮೆರಾ. ಕೆಲಸ ಬಿಡುವ ಹೊತ್ತು, ಆದರೂ ಕೆಳಗೆ ಯಾರೂ ಇರಲಿಲ್ಲ. ಗೋಡೆಯ ಬಿರುಕಿಗೆ ಸಿಕ್ಕಿಸಿದ್ದ ಬಾಚಣಿಗೆ ಹಾಗೇ ಇತ್ತು.

ಮನೆಗೆ ಬಂದವಳೇ ಜಗಳ ತೆಗೆದೆ. ‘ಕಳ್ರಿಗೆ ಅಂತ ಹಾಕ್ಸಿದ್ದು, ಅವ್ರು ತಲೆ ಬಾಚೋದು ನೋಡಕ್ಕಾ? ನಿಂದೊಳ್ಳೆ ಕತೆ ಮಾರಾಯ್ತಿ’ ಎಂದರು. ಅವರ ಮೇಲೆ ಕೂಗಾಡುವುದು ಸುಲಭವಿತ್ತು, ಕೂಗಾಡಿದೆ ಕೂಡ. ಆದರೆ ಜಾಗ ತೋರಿಸಿಕೊಟ್ಟವಳು ನಾನು.

ಮುಂದಿನ ಶನಿವಾರ ಪುಸ್ತಕದ ಕೊನೆಯ ಭಾಗ. ಬಾವಿಯ ಸುಳಿವು ಕೊಟ್ಟಿದ್ದು ಯಾರು ಎಂದು ಮಕ್ಕಳು ಜಗಳಕ್ಕೇ ಬಿದ್ದರು. ಕಾವಲಿನವನು ಎಂದರು ಕೆಲವರು, ಪಕ್ಕದ ಮನೆಯ ಮುದುಕ ಎಂದರು ಇನ್ನು ಕೆಲವರು. ನನಗೆ ಅವಳ ಕಡೆ ನೋಡಲು ಧೈರ್ಯವಿರಲಿಲ್ಲ. ಅವಳು ತಾನಾಗಿ ಎದ್ದು ನಿಂತಳು, ಮೊದಲ ಸಲ.

‘ಅವ್ರನ್ನ ಇಷ್ಟಪಡೋರೇ ಯಾರೋ ಹೇಳಿದ್ದು. ಆಗ್ದೋರಿಗೆ ಬಾವಿ ಇರೋದೇ ಗೊತ್ತಿರ್ಲಿಲ್ಲ.’

ಉಳಿದವರು ಒಪ್ಪಲಿಲ್ಲ, ಯಾವ ಪುಟದಲ್ಲಿದೆ ತೋರಿಸು ಎಂದರು. ಅವಳು ಪುಸ್ತಕ ಮುಚ್ಚಿ ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಕ್ಯಾಮೆರಾ ತೆಗೆಸುವ ತನಕ ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ಅವತ್ತೇ ಯಜಮಾನರಿಗೆ ಹೇಳಿದೆ. ಗೊಣಗುತ್ತ ತೆಗೆಸಿದರು. ಸೋಮವಾರ ಶಾಲೆಯ ಜಗಲಿಯಲ್ಲಿ ಹುಡುಗಿಯನ್ನು ನಿಲ್ಲಿಸಿಕೊಂಡು, ‘ತಪ್ಪಾಯ್ತು ಕಣೆ, ನಾನೇ ಬಾಯಿಬಿಟ್ಟಿದ್ದು’ ಎಂದೆ. ‘ಈಗ ತೆಗ್ಸಿದೀನಿ. ಮೊದಲಿನ ಹಾಗೇ ಅಲ್ಲಿ ಕೂರ್ಲಿಕ್ಕೆ ಹೇಳು ಅಮ್ಮಂಗೆ.’

ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

‘ನಾ ಹೆಂಗೆ ಹೇಳ್ಲಿ ಟೀಚರ್’ ಎಂದಳು. ‘ನಿಮ್ಮನೇಗೆ ಆ ಜಾಗ ಹೇಳಿದ್ದು ಯಾರು ಅಂತ ಅಮ್ಮ, ದೊಡ್ಡಮ್ಮ ಎಲ್ಲಾ ಇನ್ನೂ ಹುಡುಕ್ತಾ ಇದಾರೆ.’