ಆಟಿಯಲ್ಲಿ ಕೊಂಡ ಕಾರು

ಕಂಕನಾಡಿಯ ನೋಣಯ್ಯ ತೀರಿಕೊಂಡು ಇಂದಿಗೆ ಒಂದು ತಿಂಗಳು ಎರಡು ದಿನ. ಇಪ್ಪತ್ತೆರಡು ವರ್ಷಗಳ ಸ್ನೇಹ. ಅವನು ಕಾರು ಕೊಂಡ ದಿನ ಜೊತೆಗೆ ನಾನಿದ್ದೆ. ಅದನ್ನೇ ಬರೆಯುತ್ತೇನೆ.

ಅವನಿಗೆ ಎರಡು ಎತ್ತಿನ ಗಾಡಿಗಳಿದ್ದವು. ರೈಲಿನಿಂದ ಇಳಿದವರನ್ನು, ಅವರ ಪೆಟ್ಟಿಗೆಗಳನ್ನು ಊರೊಳಗೆ ಸಾಗಿಸುವುದು ಅವನ ಕಸುಬು. ಬಸ್ಸುಗಳು ಹೆಚ್ಚಿದ ಮೇಲೆ ಗಾಡಿಗೆ ಕೈತೋರಿಸುವವರು ಕಡಿಮೆಯಾದರು. ೧೯೩೬ರಲ್ಲಿ ಅವನು ಗಾಡಿ, ಎತ್ತು ಎಲ್ಲವನ್ನೂ ಮಾರಿ, ಉಳಿತಾಯ ಸೇರಿಸಿ ಏಳುನೂರು ರೂಪಾಯಿ ಮಾಡಿದ. ಮೋಟಾರು ನಡೆಸಲು ಕಲಿತು ಲೈಸೆನ್ಸನ್ನೂ ಪಡೆದ. ಇನ್ನು ಬಾಡಿಗೆಗೆ ಓಡಿಸಲು ಒಂದು ಕಾರು ಸಿಗಬೇಕು. ಇಲ್ಲವಾದರೆ ಕೈಯಲ್ಲಿ ಬೇರೆ ಕೆಲಸವಿಲ್ಲ.

ಕೊಡಿಯಾಲ್‌ಬೈಲಿನ ಮೋಟಾರು ಏಜೆನ್ಸಿಯಲ್ಲಿ ತೋಟದ ದೊರೆಯೊಬ್ಬರು ಬಿಟ್ಟುಹೋದ ಹಳೆಯ ಕಾರು ಇತ್ತು. ಕಾಗದಪತ್ರ ಇಂಗ್ಲಿಷಿನಲ್ಲಿರುತ್ತದೆಂದು ಮಿಷನ್ ಶಾಲೆಯ ಮಾಸ್ತರನಾದ ನನ್ನನ್ನು ಕರೆದೊಯ್ದ. ಮ್ಯಾನೇಜರ್ ಜೆರೋಮ್, ಊರವರು ಕೊಂಕಣಿ ಕ್ರೈಸ್ತರನ್ನು ಕರೆಯುವಂತೆ ‘ಪೊರ್ಬುಗಳು’, ಎಂಟುನೂರೈವತ್ತು ಎಂದರು. ನೋಣಯ್ಯ ಜಾನುವಾರು ನೋಡುವವನಂತೆ ಮೂರು ಸುತ್ತು ಬಂದ, ಬಾನೆಟ್ ಎತ್ತಿಸಿ ಒಳಗೆ ಮೂಸಿದ, ಟೈರಿನ ಪಕ್ಕ ಕುಳಿತ.

"ಎಷ್ಟು ದಿನ ಆಯ್ತು ಪೊರ್ಬುಗಳೇ, ಇದು ಇಲ್ಲಿ ನಿಂತು?"

"ಅದೆಲ್ಲ ನಿಂಗೆ ಎಂತಕ್ಕೆ?"

"ನೆಲ ಮುಟ್ಟಿದಲ್ಲಿ ಟೈರು ಚಪ್ಪಟೆ ಆಗಿದೆ. ಹಟ್ಟಿಯಲ್ಲೇ ಕಟ್ಟಿಹಾಕಿದ ಎತ್ತಿಗೆ ಮೊಣಕಾಲು ಹೀಗೇ ದಡ್ಡುಗಟ್ಟುವುದು."

"ಇದು ಹುಲ್ಲು ತಿನ್ನುವುದಿಲ್ಲ ಮಾರಾಯ! ನಿಂತರೆ ನಂಗೇನು ಖರ್ಚು?"

"ಜಾಗ ತಿನ್ನುತ್ತದಲ್ಲ. ಈಗ ಆಟಿ. ತಿಂಗಳು ಮುಗಿಯುವವರೆಗೆ ಈ ಬಾಗಿಲಿಗೆ ಯಾರು ಬರ್ತಾರೆ ಹೇಳಿ?"

ಅದು ನಿಜವೇ. ಮಳೆ ಜಡಿಯುವ ಆಟಿ ತಿಂಗಳಲ್ಲಿ ತುಳುವರು ಮದುವೆ ಮಾಡುವುದಿಲ್ಲ, ಹೊಸದನ್ನು ಮನೆಗೆ ತರುವುದಿಲ್ಲ. ಜೆರೋಮರು ಸ್ವಲ್ಪ ಹೊತ್ತು ಹೊರಗಿನ ಮಳೆ ನೋಡಿದರು. ಶನಿವಾರ ಮದ್ರಾಸಿನಿಂದ ಎರಡು ಹೊಸ ಕಾರು ಬರುವುದಿತ್ತು, ಶೆಡ್ಡಿನಲ್ಲಿ ಜಾಗವಿರಲಿಲ್ಲ. ಎಂಟುನೂರಕ್ಕೆ ಇಳಿದರು, ಮತ್ತೆ ಏಳುನೂರೈವತ್ತಕ್ಕೆ. ನೋಣಯ್ಯ ಛತ್ರಿ ಬಿಡಿಸಿ ಮೆಟ್ಟಿಲಿಳಿದ.

"ಏಳುನೂರು!" ಎಂದು ಜೆರೋಮರು ಹಿಂದಿನಿಂದ ಕೂಗಿದರು. "ಆದರೆ ಇವತ್ತೇ ಕೊಂಡುಹೋಗಬೇಕು. ಸೋಣ ತಿಂಗಳಿಗೆ ಬಂದರೆ ಮತ್ತೆ ಎಂಟುನೂರೈವತ್ತೇ. ಆಗ ಗಿರಾಕಿಗಳು ಬೇಕಾದಷ್ಟು ಉಂಟು."

ನೋಣಯ್ಯ ಅಲ್ಲೇ ನಿಂತುಬಿಟ್ಟ. ಆಟಿಯನ್ನು ತೋರಿಸಿ ಬೆಲೆ ಇಳಿಸಿದವನ ಮನೆಯಲ್ಲೂ ಆಟಿ ಇತ್ತು. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಆಟಿಯಲ್ಲಿ ತಂದ ಎತ್ತು ಹುಲ್ಲು ಮುಟ್ಟದೆ ಸತ್ತಿತ್ತು. ಇನ್ನೆಂದೂ ಹಾಗೆ ಮಾಡುವುದಿಲ್ಲವೆಂದು ಹೆಂಡತಿ ದೇಯಿಗೆ ಅವನು ಮಾತು ಕೊಟ್ಟಿದ್ದ. ಮಾತು ಉಳಿಸಿದರೆ ಕಾರಿಲ್ಲ. ಕಾರು ತಂದರೆ ಮಾತಿಲ್ಲ. ಆಟಿ ಮುಗಿದು ಸೋಣ ಹುಟ್ಟಲು ಇನ್ನೂ ಹನ್ನೆರಡು ದಿನ.

ಅವನು ನನ್ನ ಕಡೆ ತಿರುಗಿದ.

"ಮಾಸ್ಟ್ರೇ, ನಿಮ್ಮ ಇಗರ್ಜಿಯವರಿಗೆ ಆಟಿ ಉಂಟಾ?"

"ನಮ್ಮ ಚರ್ಚಿನವರಿಗೆ ಅದೆಲ್ಲ ಇಲ್ಲ."

"ನಿಮ್ಮ ಅಂಗಳದಲ್ಲಿ ಜಾಗ ಉಂಟಾ?"

ಜೆರೋಮರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆಂತ ಕಳ್ಳಾಟ ಮಾರಾಯ? ದೇವರಿಗೆ ಗೊತ್ತಾಗುವುದಿಲ್ವಾ?"

"ದೇವರಿಗೆ ಗೊತ್ತಾದರೆ ತೊಂದರೆ ಇಲ್ಲ ಪೊರ್ಬುಗಳೇ. ದೇಯಿಗೆ ಗೊತ್ತಾಗಬಾರದು."

ಹೀಗೆ ಕಾರು ನನ್ನ ಅಂಗಳಕ್ಕೆ ಬಂತು. ದಿನವೂ ಸಂಜೆ ಅವನು ಬಂದು ಅದರೊಳಗೆ ಕುಳಿತು ಹೋಗುತ್ತಿದ್ದ. ಮೂರನೆಯ ದಿನ, ಅವನಿಲ್ಲದ ಹೊತ್ತಿನಲ್ಲಿ, ದೇಯಕ್ಕ ಗೇಟು ತೆರೆದು ಬಂದರು. ಕಾರಿನ ಸುತ್ತ ಒಮ್ಮೆ ನಡೆದರು.

"ಇದು ಯಾರದ್ದು ಮಾಸ್ಟ್ರೇ?"

ಸುಳ್ಳು ಹೇಳಲು ನನಗೆ ಬಾರದು. "ಸೋಣ ಬರುವವರೆಗೆ ನನ್ನದು," ಎಂದೆ.

"ಎಷ್ಟು ಹೇಳಿದ್ದರು?"

"ಎಂಟುನೂರೈವತ್ತು."

"ಕೊಟ್ಟದ್ದು?"

"ಏಳುನೂರು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಷ್ಟು ಇಳಿಸುವುದು ನಿಮ್ಮಿಂದ ಆಗುವ ಕೆಲಸ ಅಲ್ಲ ಮಾಸ್ಟ್ರೇ."

ನಾನು ತಲೆ ತಗ್ಗಿಸಿದೆ. ಅವರು ಸಿಟ್ಟಾಗಲಿಲ್ಲ. ಸೀಟಿಗೆ ನೀರು ಬೀಳದ ಹಾಗೆ ಒಂದು ತಡಿಕೆ ಕಟ್ಟಿಸಲು ಹೇಳಿದರು. ಗೇಟಿನ ಹತ್ತಿರ ತಿರುಗಿ, "ನಾನು ಬಂದದ್ದು ಅವರಿಗೆ ಹೇಳ್ಬೇಡಿ," ಎಂದರು.

ಸೋಣ ಸಂಕ್ರಮಣದ ಬೆಳಿಗ್ಗೆ ನೋಣಯ್ಯ ಕಾರನ್ನು ಮನೆಗೆ ಒಯ್ದ. ದೇಯಕ್ಕ ಆಗಲೇ ಮೊದಲು ಕಂಡವರಂತೆ ಆರತಿ ಎತ್ತಿ ಕುಂಕುಮ ಹಚ್ಚಿದರು. ಆ ಕಾರು ಆರು ವರ್ಷ ಅವನ ಮನೆ ನಡೆಸಿತು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದಾದಾಗ ನಿಂತಿತು. ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಕರೆದೊಯ್ದರೆ ಅವನು ಬಾಡಿಗೆ ಕೇಳುತ್ತಿರಲಿಲ್ಲ. ರೈಲು ತಡವಾದ ದಿನಗಳಲ್ಲಿ ಬೇರೆ ಡ್ರೈವರುಗಳನ್ನು ಕೂರಿಸಿಕೊಂಡು, ಪೊರ್ಬುಗಳನ್ನೂ ದೇಯಿಯನ್ನೂ ಒಂದೇ ದಿನ ಗೆದ್ದ ಕಥೆ ಹೇಳಿ ನಗುತ್ತಿದ್ದ. ಪಕ್ಕದಲ್ಲಿದ್ದು ನಾನೂ ನಗುತ್ತಿದ್ದೆ. ನಿಜವನ್ನು ಎಷ್ಟೋ ಸಲ ಬಾಯಿಯವರೆಗೆ ತಂದು ನುಂಗಿಕೊಂಡಿದ್ದೇನೆ.

ಅವನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ದೇಯಕ್ಕನನ್ನು ಕೇಳಿದೆ: "ನೀವು ಅವನಿಗೆ ಕೊನೆಗಾದರೂ ಹೇಳಿದ್ರಾ?"

"ಸ್ಟೇಷನ್ನಿನಲ್ಲಿ ಕಥೆ ಹೇಳಿ ನಗಾಡುವುದು ನಂಗೆ ಗೊತ್ತಿತ್ತು. ನಾನು ಹೇಳಿದ್ದರೆ ಆ ಖುಷಿ ಹೋಗ್ತಿತ್ತಲ್ಲ ಮಾಸ್ಟ್ರೇ."

ಗೆಳೆಯನಿಂದ ಒಂದು ಮಾತು ಮುಚ್ಚಿಟ್ಟೆನಲ್ಲ ಎಂಬ ಅಳುಕು ಅವನ ಸಾವಿನ ದಿನದಿಂದ ನನ್ನನ್ನು ಕೊರೆಯುತ್ತಿತ್ತು. ದೇಯಕ್ಕನ ಆ ಮಾತು ಕೇಳಿದಂದಿನಿಂದ ಅದು ನಿಂತಿದೆ.