ಕಲ್ಲಣಬೆ ಬಗೆದವರು ಯಾರು?

ಆ ಮಳೆಗಾಲದ ಶುರುವಿನಲ್ಲಿ ನಮ್ಮ ಅತ್ತೆ ಪಕ್ಕದ ಮನೆಯ ಅಕ್ಕನ ಹತ್ತಿರ ಮಾತು ಬಿಟ್ಟರು. ಕಾರಣ ಕಲ್ಲಣಬೆ.

ಮೊದಲ ಗುಡುಗು ಬಂದರೆ ಸಾಕು, ನಮ್ಮ ಅರಂತೋಡಿನ ಗುಡ್ಡದಲ್ಲಿ ಮರದ ಬೇರುಗಳ ಹತ್ತಿರ, ಮಣ್ಣಿನೊಳಗೆ ಗೋಲಿಯಂಥ ಈ ಅಣಬೆ ಹುಟ್ಟುತ್ತದೆ. ಎಳೆಯದಾದರೆ ಒಳಗೆ ಬಿಳಿ, ಸಾರಿಗೆ ಬಹಳ ರುಚಿ. ಬಲಿತರೆ ಒಳಗೆಲ್ಲ ಕಪ್ಪು ಹುಡಿ. ಆ ಸಲ ನಾವು ಹೋಗುವಷ್ಟರಲ್ಲಿ ಯಾರೋ ಅಲ್ಲಲ್ಲಿ ಬಗೆದು ಹೋಗಿದ್ದರು.

"ಅವಳದ್ದೇ ಕೆಲಸ. ನಿನ್ನೆ ಗುಡ್ಡದಿಂದ ಇಳಿದು ಬರ್ತಾ ಇದ್ದಳು," ಎಂದರು ಅತ್ತೆ.

ನಾನು ಸುಳ್ಯದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಪಾಠಕ್ಕೆಂದು ಆಸ್ಟ್ರೇಲಿಯಾದ ಪೊಟೊರೂ ಎಂಬ ಪ್ರಾಣಿಯ ವಿಡಿಯೊ ಇಟ್ಟುಕೊಂಡಿದ್ದೆ. ಕಾಂಗರೂವಿನ ಸಣ್ಣ ನೆಂಟ. ನೆಲ ಬಗೆದು ಅಣಬೆ ತಿನ್ನುತ್ತದೆ. ಗುಡ್ಡದಲ್ಲಿ ಬಗೆದದ್ದೂ ಯಾವುದಾದರೂ ಪ್ರಾಣಿ ಇರಬಹುದು ಎಂದು ಅತ್ತೆಗೆ ಅದನ್ನು ಮೊಬೈಲಿನಲ್ಲಿ ತೋರಿಸಿದೆ.

"ಇದರ ಹೊಟ್ಟೆಯಲ್ಲಿ ಚೀಲ ಉಂಟು ಅತ್ತೆ, ಮರಿ ಬೆಳೆಯುದು ಅದರೊಳಗೆ. ನಮ್ಮ ಕಲ್ಲಣಬೆಗೂ ಹಾಗೇ, ಹೊರಗೆ ಗಟ್ಟಿ ಚೀಲ, ಒಳಗೆ ಬೀಜದಂಥ ಹುಡಿ."

"ಎಂತ ಹಾಗೇ? ಮರಿ ಹೊರಗೆ ಬಂದ್ರೂ ತಿರುಗಿ ಚೀಲಕ್ಕೆ ಹೋಗ್ತದೆ. ಅಣಬೆ ಒಡೆದ್ರೆ ಹುಡಿ ವಾಪಸು ಬರ್ತದಾ?"

ಅದು ಸರಿಯೇ. "ಆದ್ರೆ ಇದು ತಿಂದ ಹುಡಿ ಹಿಕ್ಕೆಯಲ್ಲಿ ಬಿದ್ದು ಬೇರೆ ಕಡೆ ಅಣಬೆ ಆಗ್ತದೆ," ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಈ ಪ್ರಾಣಿ ನಮ್ಮ ಊರಲ್ಲಿ ಉಂಟಾ?"

"ಇಲ್ಲ."

"ಮತ್ತೆ ಇದನ್ನು ಯಾಕೆ ತೋರಿಸುದು? ಅವಳನ್ನು ಬಚಾವ್ ಮಾಡ್ಲಿಕ್ಕೆ!"

ಮರುದಿನ ಬೆಳಿಗ್ಗೆ ನಾನೊಬ್ಬಳೇ ಗುಡ್ಡ ಹತ್ತಿದೆ. ಅಕ್ಕ ಒಂದು ಗುಂಡಿಯ ಹತ್ತಿರ ಬಗ್ಗಿ ಕೂತಿದ್ದರು. ಅತ್ತೆ ಹೇಳಿದ್ದೇ ನಿಜವಾ ಎಂದುಕೊಂಡೆ. ಅವರು ಎದ್ದು ನನ್ನ ಬುಟ್ಟಿಯೊಳಗೆ ಇಣುಕಿದರು.

"ನೀವೇ ಅಲ್ವಾ ಎಲ್ಲ ಬಗೆದು ಹಾಕಿದ್ದು?" ಎಂದು ಕೇಳಿದರು.

"ನಾನು ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ!"

ನನ್ನ ಬುಟ್ಟಿಯೂ ಖಾಲಿ, ಅವರ ಕೈಯೂ ಖಾಲಿ. ಗುಂಡಿಯೊಳಗೆ ಕಪ್ಪು ಬಿಳಿ ಪಟ್ಟೆಯ ಉದ್ದ ಮುಳ್ಳೊಂದು ಬಿದ್ದಿತ್ತು. "ಅಯ್ಯೋ, ಮುಳ್ಳುಹಂದಿ ಮಾರಾಯ್ರೆ!" ಎಂದು ಅಕ್ಕ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಇಬ್ಬರೂ ಇಳಿದು ಬಂದು ಮುಳ್ಳನ್ನು ಅತ್ತೆಯ ಮುಂದಿಟ್ಟೆವು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಅಕ್ಕನಿಗೆ ಮಣೆ ಹಾಕಿ ಕಾಫಿ ಕೊಟ್ಟರು. ಮಾತು ಶುರುವಾಯಿತು.

ಆದರೆ ಮುಂದಿನ ವರ್ಷ ಮೊದಲ ಗುಡುಗಿನ ಮರುದಿನ ನಾನು ಏಳುವಷ್ಟರಲ್ಲಿ ಅತ್ತೆಯ ಹಾಸಿಗೆ ಖಾಲಿ. ನನಗೂ ಹೇಳದೆ, ಒಬ್ಬರೇ ಗುಡ್ಡಕ್ಕೆ ಹೋಗಿದ್ದರು.